ಹಿಟ್ಟನ್ನು ಬೈದ ದಿನಗಳು

ಜೋಳದ ಹಿಟ್ಟು ಹಳೆಯದಾದರೆ ಅದರ ಜಿಗಿ ಹೋಗುತ್ತದೆ. ಎಷ್ಟು ಕುದಿನೀರು ಹಾಕಿ ನಾದಿದರೂ ಒಂದಕ್ಕೊಂದು ಅಂಟುವುದಿಲ್ಲ. ಬಡಿಯುತ್ತಿದ್ದಂತೆ ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಾಗ ನಡುವೆ ಹರಿಯುತ್ತದೆ. ನಮ್ಮ ಕಡೆ ಇದು ಲಂಗ ಉಡುವ ಹುಡುಗಿಯರಿಗೂ ಗೊತ್ತು. ಹಾಗಾಗಿ ಆ ಮಂಗಳವಾರ ನನ್ನ ರೊಟ್ಟಿ ಹರಿದಾಗ ನಾನು ಹಿಟ್ಟನ್ನು ಬೈದೆ. ಬುಧವಾರವೂ ಬೈದೆ. ಗುರುವಾರ ಗಿರಣಿಗೇ ಹೋಗಿ ಗಿರಣಿಯವನನ್ನು ಬೈದೆ.

"ಹಳೇ ಹಿಟ್ಟು ಕಲಸಿ ಕೊಟ್ಟೀಯೇನೋ ತಮ್ಮಾ?"

"ಅಕ್ಕಾರ, ಜ್ವಾಳ ತಂದಾವ್ರು ನೀವು. ನಿಂತು ಬೀಸಿಸಿಕೊಂಡು ಹೋದಾವ್ರೂ ನೀವ. ನಂದು ಬರೇ ಗಿರಣಿ," ಎಂದ ಅವನು.

ನಿಜವೇ. ಆದರೂ ಮುಖ ತಿರುವಿ ಬಂದೆ. ಇಳಿಯುವಾಗ ಗಿರಣಿಯ ಮೆಟ್ಟಿಲಿಗೆ ಕಾಲು ತಗುಲಿ ಮುಗ್ಗರಿಸಿದೆ. ಆ ಮೆಟ್ಟಿಲನ್ನೂ ಬೈದೆ.

ನಾನಿರುವುದು ಹಾನಗಲ್ಲಿನಲ್ಲಿ. ರೊಟ್ಟಿ ಬಡಿಯುವುದು ನನ್ನ ಉದ್ಯೋಗ. ಮದುವೆ ಮನೆಗಳಿಗೆ, ಒಂದೆರಡು ಖಾನಾವಳಿಗಳಿಗೆ, ದೂರದ ಊರಿಗೆ ಹೊರಟವರ ಬುತ್ತಿಗೆ. ಬಡಿಯುವವಳು ನಾನು, ಬೇಯಿಸುವವಳು ಪಕ್ಕದ ಮನೆಯ ಮಾಬೂಬಿ. ನಾನು ರೊಟ್ಟಿಯನ್ನು ಅಂಗೈ ಮೇಲೆ ಎತ್ತಿ ಅವಳ ಕಡೆ ಚಾಚಿದರೆ, ಅವಳು ಕಣ್ಣೆತ್ತದೆ ಇಸಿದುಕೊಂಡು ಹಂಚಿನ ಮೇಲೆ ಹರಡುತ್ತಾಳೆ. ನಮ್ಮಿಬ್ಬರ ಮಕ್ಕಳು ತೊಟ್ಟಿಲಲ್ಲಿದ್ದಾಗಿನಿಂದ ಹೀಗೇ ನಡೆದಿದೆ. ಆ ವಾರ ಅವಳು ತವರಿಗೆ, ಸವಣೂರಿಗೆ, ಹೋಗಿದ್ದಳು. ಅವಳಿದ್ದಿದ್ದರೆ ಮಂಗಳವಾರವೇ ಗೊತ್ತಾಗುತ್ತಿತ್ತು ಎಂದು ಈಗ ಅನಿಸುತ್ತದೆ.

ರೊಟ್ಟಿ ಒಂದೇ ಅಲ್ಲ. ಪಾದಗಳ ಕೆಳಗೆ ಯಾರೋ ಕಂಬಳಿ ಹಾಸಿದಂತೆ ಇತ್ತು; ನೆಲ ನೆಲದಂತೆ ತಾಗುತ್ತಿರಲಿಲ್ಲ. ಬೆರಳ ತುದಿಗಳಲ್ಲಿ ಜುಮು ಜುಮು. ಗಂಡನ ಖಾಕಿ ಅಂಗಿಯನ್ನು ಹಿಂಡಿ ತಂತಿಗೆ ಹಾಕಿದರೆ ಅದು ಸಂಜೆವರೆಗೂ ನೀರು ತೊಟ್ಟಿಕ್ಕುತ್ತಿತ್ತು. ಉಪ್ಪಿನಕಾಯಿ ಭರಣಿಯ ಮುಚ್ಚಳ ತೆಗೆಯಲಾಗದೆ ಆ ದಿನ ಚಟ್ನಿಪುಡಿಯಲ್ಲೇ ಊಟ ಮುಗಿಸಿದೆವು. ಎಲ್ಲದಕ್ಕೂ ನನ್ನ ಹತ್ತಿರ ಒಂದು ಕಾರಣ ತಯಾರಿತ್ತು. ಹಿಂದಿನ ವಾರಗಳಲ್ಲಿ ಶಿಗ್ಗಾಂವಿಯ ಒಂದು ಮದುವೆಯ ಊಟ ಮಾಡಿ ಹೊಟ್ಟೆ ಕೆಟ್ಟು ಮಲಗಿದ್ದೆ. ಆ ನಿಶ್ಶಕ್ತಿ ಇನ್ನೂ ಹೋಗಿಲ್ಲ ಅಂದುಕೊಂಡೆ. ಭರಣಿಗೆ ವಯಸ್ಸಾಗಿದೆ, ಖಾಕಿ ಬಟ್ಟೆ ದಪ್ಪ, ಹಿಟ್ಟು ಹಳೆಯದು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳದಿರಲು ಇನ್ನೊಂದು ಕಾರಣ ನಮ್ಮ ಮನೆಯ ಒಂದು ಮಾತು. ಅದನ್ನು ಇಲ್ಲೇ ಹೇಳಿಬಿಡುತ್ತೇನೆ.

ನಮ್ಮದು ಊರಿನ ಕೆಲವೇ ಕ್ರೈಸ್ತ ಮನೆಗಳಲ್ಲಿ ಒಂದು. ನನ್ನ ಮಾವ ಉಪದೇಶಿಯಾಗಿದ್ದವರು. ಹಳ್ಳಿ ಹಳ್ಳಿ ತಿರುಗಿ ವೇದ, ಅಂದರೆ ನಮ್ಮ ಬೈಬಲ್, ಓದಿ ಹೇಳುವುದು ಅವರ ಕೆಲಸವಾಗಿತ್ತು. ಈಗ ಎಂಬತ್ತು ದಾಟಿದೆ, ಪಡಸಾಲೆಯ ಮಂಚವೇ ಅವರ ಊರು. ಹರೆಯದಲ್ಲಿ ಅವರು ಕರಾವಳಿಯ ಒಂದು ದೇವಜ್ಞಾನ ಶಾಲೆಯಲ್ಲಿ ಓದುವಾಗ ಅದರ ಮೂಲಭಾಷೆಯಾದ ಇಬ್ರಿಯವನ್ನು, ಅಂದರೆ ಹೀಬ್ರೂವನ್ನು, ಸ್ವಲ್ಪ ಕಲಿತಿದ್ದರು. ಅದರಲ್ಲಿ ಬಹುಪಾಲು ಮರೆತುಹೋಗಿದೆ ಎಂದು ಅವರೇ ನಗುತ್ತಾರೆ. ಉಳಿದದ್ದರಲ್ಲಿ ಒಂದು ಮಾತು ಮನೆಯ ಮಾತಾಗಿಬಿಟ್ಟಿತು: ಹಜಾಕ್. ಗಟ್ಟಿಯಾಗಿರು, ಬಲವಾಗಿರು ಎಂದು ವೇದದಲ್ಲಿ ಬರುವಲ್ಲೆಲ್ಲ ಮೂಲದಲ್ಲಿ ಇರುವುದು ಆ ಮಾತೇ ಅಂತೆ. ಮಗಳು ಪರೀಕ್ಷೆಗೆ ಹೊರಟರೆ "ಹಜಾಕ್". ಹಲ್ಲು ಕೀಳಿಸಲು ಹೊರಟರೆ "ಹಜಾಕ್". ನನ್ನ ಹೆರಿಗೆಯ ದಿನ ಕೋಣೆಯ ಹೊರಗಿನಿಂದ ಕೇಳಿದ್ದೂ ಅದೇ. ಮಾಬೂಬಿಯ ಮಕ್ಕಳೂ ಸೈಕಲ್ಲಿನಿಂದ ಬಿದ್ದರೆ ಅಳುವ ಮೊದಲು ನಮ್ಮ ಪಡಸಾಲೆಯ ಕಡೆ ನೋಡುತ್ತಿದ್ದವು. ಆ ಮಾತಿನ ನಂತರ ನಮ್ಮ ಮನೆಯಲ್ಲಿ ಯಾರೂ "ನನ್ನ ಕೈಲಿ ಆಗುವುದಿಲ್ಲ" ಅಂದದ್ದಿಲ್ಲ. ನಾನಂತೂ ಸೊಸೆಯಾಗಿ ಬಂದಾಗಿನಿಂದ ಒಮ್ಮೆಯೂ ಅಂದಿಲ್ಲ.

ಶುಕ್ರವಾರ ಮಧ್ಯಾಹ್ನ ಮಾಬೂಬಿ ಸವಣೂರಿನಿಂದ ಬಂದಳು. ಕೈಯಲ್ಲಿ ವೀಳ್ಯದೆಲೆಯ ಕಟ್ಟು, ಖಾರಾದ ಪೊಟ್ಟಣ. ಬುಟ್ಟಿಯ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಸರಿಸಿ ನೋಡಿದಳು.

"ಇವೇನಕ್ಕ, ರೊಟ್ಟಿನೋ ಹಪ್ಪಳದ ಚೂರೋ?"

"ಹಿಟ್ಟ ಸರಿ ಇಲ್ಲ ಮಾಬೂಬಿ. ಜಿಗಿ ಇಲ್ಲ ಒಂದೀಟೂ."

"ಸರಿ ಅತ್ತಾಗ."

ಅವಳು ಬುರ್ಖಾ ಬಿಚ್ಚಿ ಗೂಟಕ್ಕೆ ಹಾಕಿ, ನನ್ನ ಜಾಗದಲ್ಲಿ ಕುಳಿತಳು. ನಾನು ನಾದಿಟ್ಟಿದ್ದ ಹಿಟ್ಟನ್ನೇ ಮತ್ತೆ ಎಳೆದುಕೊಂಡು, ಅಂಗೈಯ ಬುಡದಿಂದ ನಾಲ್ಕು ಸಲ ಒತ್ತಿ, ಉಂಡೆ ಕಟ್ಟಿ ಬಡಿದಳು. ಅವಳ ಬಡಿತ ಒರಟು; ನಾನು ಯಾವಾಗಲೂ ಅದಕ್ಕೆ ನಗುತ್ತಿದ್ದೆ. ರೊಟ್ಟಿ ದುಂಡಗೆ ಹರಡಿತು. ಅಂಚು ಸೀಳಲಿಲ್ಲ. ಎತ್ತಿ ಹಂಚಿಗೆ ಹಾಕಿದಳು, ಹರಿಯಲಿಲ್ಲ. ಅದು ಉಬ್ಬಿತು.

ನಾವಿಬ್ಬರೂ ಆ ಉಬ್ಬಿದ ರೊಟ್ಟಿಯನ್ನು ನೋಡುತ್ತ ಕುಳಿತೆವು. ಅದು ಸೀದುಹೋಗುವವರೆಗೂ ಯಾರೂ ಹಂಚಿನಿಂದ ತೆಗೆಯಲಿಲ್ಲ.

"ಶಾಂತಕ್ಕ, ಕೈ ಕೊಡಿಲ್ಲಿ," ಎಂದು ತನ್ನ ಎರಡು ಬೆರಳು ನನ್ನ ಮುಷ್ಟಿಯೊಳಗೆ ಇಟ್ಟಳು. "ಹಿಡಿ."

"ಹಿಡದೇನಿ."

ಅವಳು ನನ್ನ ಮುಖ ನೋಡಿದಳು. "ಇಲ್ಲಕ್ಕ. ನೀ ಇನ್ನ ಹಿಡದಿಲ್ಲ."

ನಾನು ಹಿಡಿದಿದ್ದೆ. ನನಗಿರುವ ಜೀವವನ್ನೆಲ್ಲ ಆ ಮುಷ್ಟಿಗೆ ಹಾಕಿದ್ದೆ. ಆ ಕ್ಷಣ ಹೇಗಿತ್ತು ಎಂದು ಎಷ್ಟೋ ಜನ ಕೇಳಿದ್ದಾರೆ, ನನಗೆ ಸರಿಯಾಗಿ ಹೇಳಲು ಬಂದಿಲ್ಲ. ನೋವಿರಲಿಲ್ಲ. ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿ ಮಲಗಿದ್ದೇನೆ ಅಂದುಕೊಂಡು, ಎದ್ದು ನೋಡಿದರೆ ಬಾಗಿಲೇ ಇಲ್ಲ ಎಂಬಂತೆ ಇತ್ತು ಅಷ್ಟೇ.

ಸೀದ ವಾಸನೆ ಬಡಿದು ಮಾವ ಪಡಸಾಲೆಯಿಂದ "ಏನಾತವ್ವ?" ಎಂದರು. ಮಾಬೂಬಿ ಹೇಳಿದಳು. ಮಾವ "ಹಜಾಕ್, ಶಾಂತವ್ವ" ಅಂದರು. ನಾನು ಎದ್ದು ನಿಲ್ಲಲು ಹೋದೆ. ಮೊಣಕಾಲು ಮಡಚಿಕೊಂಡು ಹಿಟ್ಟಿನ ಪರಾತದ ಮೇಲೆಯೇ ಕುಸಿದೆ.

ನನ್ನ ಗಂಡ ಪ್ರಭಾಕರ ಸರ್ಕಾರಿ ಬಸ್ಸಿನ ಕಂಡಕ್ಟರ್. ಹಾನಗಲ್ಲಿನಿಂದ ಹಿರೇಕೆರೂರಿಗೆ ಹೋಗಿ ಬರುವ ಗಾಡಿ. ಮಗಳನ್ನು ಕೊಟ್ಟಿರುವುದೂ ಹಿರೇಕೆರೂರಿಗೇ; ಅವಳದು ಆಗ ಹಸಿ ಬಾಣಂತನ. ಅವರು ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ಮಾಬೂಬಿ ಆಟೋ ತರಿಸಿ ನನ್ನನ್ನು ನಮ್ಮೂರಿನ ಡಾಕ್ಟರ ಹತ್ತಿರ ಕೂರಿಸಿದ್ದಳು.

ನಮಗೆಲ್ಲ ಒಂದು ರೂಢಿ ಇದೆಯಲ್ಲ, ನಿಶ್ಶಕ್ತಿ ಅಂದರೆ ಸಲೈನ್. ನಾನೇ ಕೇಳಿದೆ, "ಡಾಕ್ಟರ, ಒಂದು ಬಾಟ್ಲಿ ಹಚ್ಚಿಬಿಡ್ರಿ, ನಾಳೆ ಮದುವಿ ರೊಟ್ಟಿ ಅದಾವ."

ಅವರು ಸಣ್ಣ ಸುತ್ತಿಗೆಯಿಂದ ನನ್ನ ಮೊಣಕಾಲಿಗೆ ತಟ್ಟಿದರು. ಕಾಲು ಅಲ್ಲಾಡಲಿಲ್ಲ. ಇನ್ನೊಂದು ಕಾಲಿಗೆ ತಟ್ಟಿದರು. ಮತ್ತೆ ಮೊದಲನೆಯದಕ್ಕೆ. ಆ ಮೇಲೆ ಸುತ್ತಿಗೆಯನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟರು. ನನಗೆ ಹೆದರಿಕೆಯಾದದ್ದು ಅವರು ಇಟ್ಟ ಆ ರೀತಿಗೆ.

"ಪ್ರಭಾಕರ, ಹುಬ್ಬಳ್ಳಿಗೆ ಕರಕೊಂಡು ಹೋಗ್ರಿ. ಇವತ್ತ, ಈಗ."

"ನಾಳೆ ಮುಂಜಾನೆ ಮೊದಲ ಗಾಡಿಗೆ..."

"ಗಾಡಿ ಅಲ್ಲ. ಅಂಬ್ಯುಲೆನ್ಸ್."

ಅಂಬ್ಯುಲೆನ್ಸಿನಲ್ಲಿ ಮಾಬೂಬಿಯೂ ಹತ್ತಿದಳು. ಬರಬೇಡ ಎಂದು ಯಾರಾದರೂ ಹೇಳುವ ಮೊದಲೇ ಹತ್ತಿ ಕುಳಿತಿದ್ದಳು. ಬುರ್ಖಾದ ತೋಳಿನಿಂದ ಹೊರಬಂದ ಅವಳ ಕೈಗಳಲ್ಲಿ ಇನ್ನೂ ಹಿಟ್ಟು ಒಣಗಿತ್ತು. ಬಂಕಾಪುರ ದಾಟಿ ಹೆದ್ದಾರಿ ಸೇರಿದ್ದು, ಶಿಗ್ಗಾಂವಿಯ ದೀಪಗಳು ಕಿಟಕಿಯಲ್ಲಿ ಓಡಿದ್ದು ನೆನಪಿದೆ. ದಾರಿಯುದ್ದಕ್ಕೂ ಅವಳು ನನ್ನ ಮಣಿಕಟ್ಟನ್ನು ಹಿಡಿದಿದ್ದಳು. ನನಗೆ ಅದು ಕಾಣುತ್ತಿತ್ತು, ಸರಿಯಾಗಿ ತಿಳಿಯುತ್ತಿರಲಿಲ್ಲ.

ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಒಳಗೆ ಕರೆಯುವವರೆಗೆ ಗಾಲಿಕುರ್ಚಿಯಲ್ಲಿ ಕೂರಿಸಿದ್ದರು. ಎದುರಿನ ಬೆಂಚಿನಲ್ಲಿ ಮೊಮ್ಮಗನನ್ನು ಮಲಗಿಸಿಕೊಂಡ ಒಬ್ಬ ಅಜ್ಜಿ. ಆಕೆ ಎದ್ದು ಬಂದು, ಬಗ್ಗಿ, ನನ್ನ ಕಾಲ ಬಳಿ ಏನೋ ಮಾಡಿ ಹೋಗಿ ಕುಳಿತಳು. ಏನು ಎಂದು ನೋಡಿದರೆ ನನ್ನ ಚಪ್ಪಲಿ. ಅದು ಕಾಲಿನಿಂದ ಜಾರಿ ಬಿದ್ದಿತ್ತು, ಆಕೆ ಮತ್ತೆ ತೊಡಿಸಿದ್ದಳು. ಬಿದ್ದದ್ದೂ ನನಗೆ ತಿಳಿದಿರಲಿಲ್ಲ, ತೊಡಿಸಿದ್ದೂ ತಿಳಿಯಲಿಲ್ಲ. ಆಕೆಗೆ ಕೈ ಮುಗಿಯಬೇಕೆಂದರೆ ಕೈ ಎದೆಯವರೆಗೂ ಬರಲಿಲ್ಲ.

ರೋಗದ ಹೆಸರು ಹೇಳಿದ್ದು ವಯಸ್ಸಿನಲ್ಲಿ ನನ್ನ ಮಗಳಷ್ಟೇ ಇದ್ದ ಡಾಕ್ಟರು. ಜಿಬಿಎಸ್ ಅನ್ನುತ್ತಾರೆ ಅಂತೆ. ನಿಮ್ಮ ಮೈಯನ್ನು ಕಾಯಬೇಕಾದ ಪಡೆ ನಿಮ್ಮ ನರಗಳ ಮೇಲೆಯೇ ತಿರುಗಿ ಬಿದ್ದಿದೆ ಎಂದರು. ಅದಕ್ಕಿಂತ ಹೆಚ್ಚು ನನಗೆ ಇವತ್ತಿಗೂ ಗೊತ್ತಿಲ್ಲ. ಪ್ರಭಾಕರ ಕೇಳಿದ್ದು ಒಂದೇ: "ಆರಾಮ ಆಕೈತಿರಿ?"

"ಭಾಳ ಮಂದಿ ಎದ್ದು ಓಡಾಡ್ತಾರ. ಆದ್ರ ಇದು ಇನ್ನೂ ಮ್ಯಾಲ ಏರಾಕತ್ತೈತಿ. ಎದಿಗೆ ಬರೋದರಾಗ ನಿಲ್ಲಬೇಕು, ಅಷ್ಟ."

ಮೇಲೆ ಏರುತ್ತಿದೆ. ಹೊಲಕ್ಕೆ ನೀರು ಬಿಟ್ಟಂತೆ. ಔಷಧಿ ಏರಿಸಲು ಶುರು ಮಾಡಿದರು. ಒಂದು ಕಡೆಯಿಂದ ಅದು ಇಳಿಯುತ್ತಿತ್ತು, ಇನ್ನೊಂದು ಕಡೆಯಿಂದ ಇದು ಏರುತ್ತಿತ್ತು. ಮಾರನೆಯ ದಿನ ಕಾಲು ಪೂರಾ ಹೋಯಿತು. ಅದರ ಮಾರನೆಯ ದಿನ ತೋಳು. ಮುಖದ ಒಂದು ಬದಿ ಜೋತುಬಿದ್ದು ಮಾತು ತೊದಲಾಯಿತು. ಮೂಗಿನ ಮೇಲೆ ಕುಳಿತ ನೊಣವನ್ನು ಅದು ತಾನಾಗಿ ಹಾರುವವರೆಗೆ ನೋಡುತ್ತಿದ್ದೆ.

ಉಸಿರಿನ ಪರೀಕ್ಷೆಗೆ ಡಾಕ್ಟರು ಒಂದೇ ಉಸಿರಿನಲ್ಲಿ ಎಷ್ಟಾಗುತ್ತದೋ ಅಷ್ಟು ಅಂಕಿ ಎಣಿಸಲು ಹೇಳುತ್ತಿದ್ದರು. ಗಾಬರಿಗೆ ನನಗೆ ಅಂಕಿಗಳು ತಪ್ಪುತ್ತಿದ್ದವು. ಪ್ರಭಾಕರ ಹೇಳಿದರು, "ಮೇಡಂ, ಅಕಿಗೆ ನಮ್ಮ ರೂಟ್ ಬಾಯಿಪಾಠ ಐತ್ರಿ. ಸ್ಟಾಪಿನ ಹೆಸರು ಹೇಳ್ಲಿ."

ಅಂದಿನಿಂದ ಅದೇ ನನ್ನ ಪರೀಕ್ಷೆ. ಹಾನಗಲ್ಲು ಬಿಟ್ಟು, ನಡುವಿನ ಕ್ರಾಸು, ಕ್ಯಾಂಪು, ಹಳ್ಳದ ದಂಡೆ ಎಲ್ಲ ಸೇರಿಸಿ, ಅಕ್ಕಿಆಲೂರು, ತಿಳವಳ್ಳಿ, ಚಿಕ್ಕೇರೂರು, ಹಿರೇಕೆರೂರು. ಮೊದಲ ದಿನ ಒಂದೇ ಉಸಿರಿಗೆ ಹಿರೇಕೆರೂರು ಮುಟ್ಟಿ ಹಿಂದಕ್ಕೂ ಹೊರಟಿದ್ದೆ. ಮರುದಿನ ಚಿಕ್ಕೇರೂರಿಗೆ ಉಸಿರು ಮುಗಿಯಿತು. ಆ ಮೇಲೆ ತಿಳವಳ್ಳಿ. ಮಗಳ ಊರು ದಿನದಿನಕ್ಕೆ ದೂರವಾಗುತ್ತಿತ್ತು. ತಿಳವಳ್ಳಿಯನ್ನೂ ಮುಟ್ಟದ ದಿನ ಒಂದು ಯಂತ್ರವನ್ನು ತಳ್ಳಿಕೊಂಡು ಬಂದು ನನ್ನ ಹಾಸಿಗೆಯ ಪಕ್ಕ ನಿಲ್ಲಿಸಿ, ಮೇಲೆ ಹಸಿರು ಬಟ್ಟೆ ಹೊದಿಸಿ ಹೋದರು. ಉಸಿರಾಡಿಸುವ ಯಂತ್ರ ಎಂದು ನನಗೆ ಗೊತ್ತಾಗಿತ್ತು. ಪ್ರಭಾಕರ ಅದರ ಕಡೆ ಬೆನ್ನು ಮಾಡಿ ನಿಂತು, ಬಸ್ಸಿನಲ್ಲಿ ಯಾರೋ ಕೋಳಿಗೆ ಅರ್ಧ ಟಿಕೆಟ್ ಕೇಳಿದ ಹಳೆಯ ಜೋಕು ಹೇಳತೊಡಗಿದರು. ನಡುವೆ ಎಲ್ಲಿಯೋ ಕಥೆ ಮರೆತು ನಿಂತುಬಿಟ್ಟರು. ಮದುವೆಯಾದಾಗಿನಿಂದ ಅವರು ಆ ಜೋಕು ಮರೆತದ್ದನ್ನು ನಾನು ಕಂಡಿರಲಿಲ್ಲ.

ಭೇಟಿಯ ಹೊತ್ತಿನಲ್ಲಿ ಶಿಗ್ಗಾಂವಿಯಿಂದ ಸಂಬಂಧಿಕರು ಬಂದರು. ನನ್ನ ಮೇಲೆಯೇ ಬಗ್ಗಿ ಮಾತಾಡಿಕೊಂಡರು. "ಎಂಥಾ ಕೈ ಇತ್ತು. ದೃಷ್ಟಿ ಆತು ನೋಡ ಕೈಗೆ." ಇತ್ತು ಅಂದರು. ನಾನು ಅಲ್ಲೇ ಇದ್ದೆ, ಕಣ್ಣು ಬಿಟ್ಟುಕೊಂಡು. ಇಂಥ ಕಾಯಿಲೆಯಲ್ಲಿ ಮಲಗಿದವರಿಗೆ ಕಿವಿ ಹೋಗಿರುವುದಿಲ್ಲ. ಇದನ್ನು ಓದುವವರಲ್ಲಿ ಯಾರ ಮನೆಯಲ್ಲಾದರೂ ಹೀಗೆ ಮಲಗಿದವರಿದ್ದರೆ, ದಯವಿಟ್ಟು ಅವರ ಹತ್ತಿರ 'ಇದೆ' ಎಂದೇ ಮಾತಾಡಿ.

ಸಂಬಂಧಿಕರು ಎದ್ದುಹೋದ ಮೇಲೆ ಮಾಬೂಬಿ ಬಾಚಣಿಗೆ ತೆಗೆದಳು. ನನ್ನ ತಲೆಯನ್ನು ತನ್ನ ಮೊಣಕೈ ಮೇಲೆ ಇಟ್ಟುಕೊಂಡು ಸಿಕ್ಕು ಬಿಡಿಸುತ್ತ ಗೊಣಗಿದಳು, "ದೃಷ್ಟಿ ಆಗೋವಂಗ ಇದ್ರ ಮೊದಲು ನನ್ನ ಕೈಗೆ ಆಗಬೇಕಿತ್ತು, ನಿನಗಿಂತ ಬೆಳ್ಳಗ ಅದಾವ."

ನಗು ಬಂತು. ಮುಖದ ಒಂದೇ ಬದಿ ನಕ್ಕಿತು. ಅವಳು ಸೆರಗಿನಿಂದ ನನ್ನ ಬಾಯಿಯ ಅಂಚು ಒರೆಸಿ ಬಾಚುವುದನ್ನು ಮುಂದುವರಿಸಿದಳು.

ಮಾವ ಬಂದದ್ದು ಅದರ ಮಾರನೆಯ ದಿನ. ಆ ವಯಸ್ಸಿನಲ್ಲಿ, ಮಗನಿಗೂ ಹೇಳದೆ, ಬಸ್ಸು ಬದಲಿಸಿ ಬಂದಿದ್ದರು. ಬಿಳಿ ಅಂಗಿಯ ಗುಂಡಿ ಮೇಲೆ ಕೆಳಗೆ ಬಿದ್ದಿತ್ತು. ದಿನಾ ನೋಡಿ ಸರಿಮಾಡಿಕೊಳ್ಳಲು ಹೇಳುತ್ತಿದ್ದವಳು ನಾನು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಹಸಿರು ಬಟ್ಟೆಯ ಯಂತ್ರ ನೋಡಿ, ನನ್ನನ್ನು ನೋಡಿ, ಬಾಯಿ ತೆರೆದರು. ಯಾವ ಮಾತು ಬರುತ್ತದೆ ಎಂದು ನನಗೆ ಗೊತ್ತಿತ್ತು.

"ಬ್ಯಾಡ್ರಿ ಮಾವ," ಎಂದೆ. ತೊದಲು ಮಾತು, ಒಂದೊಂದಕ್ಕೂ ಉಸಿರು ಬೇಕು. "ಆ ಮಾತು ಹೇಳಬ್ಯಾಡ್ರಿ. ಗಟ್ಟಿ ಆಗಾಕ ನನ್ನ ಹತ್ರ ಏನೂ ಉಳದಿಲ್ಲ."

ಸೊಸೆಯಾಗಿ ಬಂದ ಮೇಲೆ ನಾನು ಅವರಿಗೆ ಎದುರಾಡಿದ್ದು ಅದೊಂದೇ ಸಲ. ಮಾವ ತೆರೆದ ಬಾಯಿ ಮುಚ್ಚಿಕೊಂಡರು. ಬೇಸರವಾಯಿತು ಅಂದುಕೊಂಡೆ. ಆ ಮೇಲೆ ಹೊದಿಕೆಯ ಹೊರಗೆ ಬಿದ್ದಿದ್ದ ನನ್ನ ಕೈಯನ್ನು ಎತ್ತಿ ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಮಾವ ಸೊಸೆಯ ಕೈ ಮುಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲ. ಪ್ರಭಾಕರ ಬಾಗಿಲ ಕಡೆ ತಿರುಗಿಕೊಂಡರು.

"ವೇದದಾಗ ಒಬ್ಬ ಬಲಶಾಲಿ ಬರ್ತಾನ, ಗೊತ್ತೈತಲ್ಲ?" ಎಂದರು ಮಾವ. "ಸಿಂಹ ಸೀಳಿದಾವ. ಊರ ಬಾಗಲಾ ಕಿತ್ತು ಹೆಗಲ ಮ್ಯಾಲ ಹೊತ್ತಾವ."

ಹ್ಞೂಂ ಅಂದೆ.

"ಅಂವನ ಕಣ್ಣ ಕಿತ್ತರು, ಸೆರೆಗೆ ಹಾಕಿದ್ರು. ಕಡೀಕ ಅಂವಗ ಒಂದ ಹೆಜ್ಜಿ ಇಡಬೇಕಂದ್ರ ಒಬ್ಬ ಸಣ್ಣ ಹುಡುಗ ಕೈ ಹಿಡಕೊಂಡು ನಡಸಬೇಕಿತ್ತು. ಅಲ್ಲೆ ಮೂಲದಾಗ ಬರೋ ಮಾತು ಅದ. ಹಜಾಕದ ಬೇರು. ಆದ್ರ ಅಲ್ಲಿ ಅದು ಅಷ್ಟ ದೊಡ್ಡ ಬಲಶಾಲಿ ಮ್ಯಾಲ ಕುಂತಿಲ್ಲವ್ವ. ಕೈ ಹಿಡದ ಹುಡುಗನ ಮ್ಯಾಲ ಕುಂತೈತಿ."

ನಾನು ನೋಡುತ್ತಿದ್ದೆ.

"ಆ ಭಾಷಾದಾಗ ಗಟ್ಟಿಯಾಗು ಅನ್ನೋದೂ, ಹಿಡಿ ಅನ್ನೋದೂ ಒಂದ ಬೇರಿನವು. ವೇದದಾಗ ಇನ್ನೊಂದ ಕಡೆ ಒಬ್ಬಾವ ಸುಡೋ ಊರಿನ್ಯಾಗ ಮನಿ ಬಿಟ್ಟು ಹೊರಡವಲ್ಲ, ಹೊಸ್ತಲದಾಗ ತಡಾ ಮಾಡಾಕತ್ತಿದ್ದ. ದೇವದೂತರು ಬಂದು ಅಂವನ ಕೈ, ಹೆಂಡತಿ ಕೈ, ಹೆಣ್ಣಮಕ್ಕಳ ಕೈ ಹಿಡದು ಊರ ಹೊರಗ ತಂದು ಬಿಟ್ರು. ಅಲ್ಲೂ ಅದ ಬೇರು. ಅವರ್ಯಾರೂ ಗಟ್ಟಿ ಇರಲಿಲ್ಲ."

ನನ್ನ ಕಣ್ಣಿನಿಂದ ನೀರು ಕಿವಿಯೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಇರಲಿಲ್ಲ. ಸಮಾಧಾನವಾಗಿ ಬಂದದ್ದಲ್ಲ ಅದು. ಸಿಟ್ಟೂ ಇತ್ತು, ದಿಗಿಲೂ ಇತ್ತು. ಇಷ್ಟು ವರ್ಷ ಒಂದು ಮಾತನ್ನು ಬೆನ್ನಿಗೆ ಕಟ್ಟಿಕೊಂಡು ನಡೆದಿದ್ದೇನೆ, ಅದರ ಇನ್ನೊಂದು ಮಗ್ಗುಲು ನನಗೆ ಗೊತ್ತೇ ಇರಲಿಲ್ಲ.

"ಹಂಗಾದ್ರ ನನಗ ಇಷ್ಟ ದಿನಾ ಏನಂತ ಹೇಳಿದ್ರಿ ಮಾವ?"

"ಹಿಡಕೋ ಅಂತ," ಎಂದರು ಅವರು. "ಹಿಡಕೊಳ್ಳಾಕ ಆಗದಿದ್ರ, ಹಿಡಿಸ್ಕೋ."

ಅಷ್ಟೇ. ಪ್ರಾರ್ಥನೆಯನ್ನೂ ಮಾಡಲಿಲ್ಲ. ನರ್ಸು ಬಂದು ಹೊತ್ತಾಯಿತು ಎನ್ನುವವರೆಗೆ ಕೈಯನ್ನು ಹಿಡಿದು ಕುಳಿತಿದ್ದು, ಎದ್ದು ಹೋದರು.

ಆ ಸಂಜೆ ಉಸಿರಿನ ಪರೀಕ್ಷೆಯಲ್ಲಿ ತಿಳವಳ್ಳಿಗೆ ಹತ್ತಿರ ಬಂದು ನಿಂತೆ. ಮರುದಿನವೂ ಅಲ್ಲೇ. ಡಾಕ್ಟರ ಮುಖ ಮೊದಲ ಬಾರಿಗೆ ಸಡಿಲವಾಯಿತು. "ಅಲ್ಲೇ ನಿಂತೈತಿ ಅಂದ್ರ ಛಲೋ," ಎಂದರು. "ಹಿಂದ ಹೋಗಲಿಲ್ಲಲ್ಲ." ಮಾವನ ಮಾತಿಗೆ ನಿಂತಿತು ಎಂದು ನಾನು ಹೇಳುವುದಿಲ್ಲ, ಔಷಧಿ ಕೆಲಸ ಮಾಡುವ ಹೊತ್ತು ಅದು ಅಂತೆ. ಕೆಲವು ದಿನ ಕಳೆದು ತಿಳವಳ್ಳಿ ದಾಟಿದೆ. ಒಂದು ಮುಂಜಾನೆ ಹಿರೇಕೆರೂರು ಬಂತು. ಪ್ರಭಾಕರ ಹಾಸಿಗೆಯ ಕಂಬಿಗೆ ತಟ್ಟಿ "ಹಿರೇಕೆರೂರು, ಇಳೀರಿ ಇಳೀರಿ" ಎಂದು ಮೆಲ್ಲಗೆ ಕೂಗಿ, ಹೊರಗೆ ಹೋಗಿ ಅತ್ತು ಬಂದರು. ಹಸಿರು ಬಟ್ಟೆಯ ಯಂತ್ರವನ್ನು ಬಟ್ಟೆ ತೆಗೆಯದೆಯೇ ತಳ್ಳಿಕೊಂಡು ಹೋದರು. ಆ ಬಟ್ಟೆಯ ಮೇಲಿನ ಒಂದು ಹೊಲಿಗೆಯ ಗುರುತು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಊರಿಗೆ ಮರಳಿದ್ದು ಮಲಗಿಕೊಂಡೇ. ಬದುಕಿ ಬಂದೆ ಎಂಬ ಸಂತೋಷ ಎಲ್ಲರಿಗೂ. ನನಗೆ ಮಾತ್ರ ಒಂದೇ ಚಿಂತೆ, ಈ ಕೈಗಳು ಮತ್ತೆ ನನ್ನವಾಗುತ್ತವೆಯೋ ಇಲ್ಲವೋ. ಬದುಕಿದ ಮೇಲೂ ಇಂಥದ್ದು ಕೇಳುವುದು ಆಸೆಬುರುಕತನ ಅನಿಸಿ ಯಾರಿಗೂ ಹೇಳಲಿಲ್ಲ. ಆದರೆ ನನಗೆ ಅದೇ ದೊಡ್ಡದಾಗಿತ್ತು. ಬೆಳಿಗ್ಗೆ ಎಚ್ಚರವಾದ ಕೂಡಲೇ, ಕಣ್ಣು ತೆರೆಯುವ ಮೊದಲು, ಬೆರಳು ಮಡಚಲು ನೋಡುತ್ತಿದ್ದೆ. ಅವು ಹಾಸಿಗೆಯ ಮೇಲೆ ಬೇರೆ ಯಾರದೋ ವಸ್ತುವಿನಂತೆ ಬಿದ್ದಿರುತ್ತಿದ್ದವು.

ಪಡಸಾಲೆಯಲ್ಲಿ ಮಾವನ ಮಂಚದ ಎದುರಿಗೆ ನನ್ನದೊಂದು ಮಂಚ ಬಂತು. ನೋಡಲು ಬಂದವರಿಗೆ ಇಬ್ಬರಲ್ಲಿ ಯಾರನ್ನು ಮೊದಲು ಮಾತಾಡಿಸಬೇಕೆಂದು ತಿಳಿಯುತ್ತಿರಲಿಲ್ಲ. ಮಗಳು ಕೂಸನ್ನು ಎತ್ತಿಕೊಂಡು ಬಂದು ನನ್ನ ಪಕ್ಕ ಮಲಗಿಸಿದಳು. ಕೂಸು ನನ್ನ ಬೆರಳು ಹಿಡಿಯಿತು. ಅದರ ಹಿಡಿತ ನನ್ನದಕ್ಕಿಂತ ಗಟ್ಟಿಯಿತ್ತು. ಮಗಳು ನೋಡಿ ಮುಖ ತಿರುಗಿಸಿದಳು. ನನಗೆ ನಗು ಬಂತು.

ಹಿಂಡಲು ಒಂದು ಸ್ಪಂಜಿನ ಚೆಂಡು ಕೊಟ್ಟಿದ್ದರು ಆಸ್ಪತ್ರೆಯಲ್ಲಿ. ಮಾಬೂಬಿ ಅದನ್ನು ಎರಡು ದಿನ ನೋಡಿ, ಎತ್ತಿ ತನ್ನ ಮಗನ ಮಗುವಿಗೆ ಕೊಟ್ಟಳು. ಬದಲಿಗೆ ಬೆಚ್ಚಗಿನ ಜೋಳದ ಹಿಟ್ಟಿನ ಉಂಡೆ ತಂದು ನನ್ನ ಅಂಗೈಯೊಳಗೆ ಇಟ್ಟಳು. "ಸ್ಪಂಜು ಹಿಂಡಿ ಯಾರ ಹೊಟ್ಟಿ ತುಂಬೈತಿ? ಇದನ್ನ ನಾದು." ದಿನಾ ಮಧ್ಯಾಹ್ನ ಒಂದು ಉಂಡೆ. ಮೊದಮೊದಲು ಅದರ ಮೇಲೆ ನನ್ನ ಬೆರಳಿನ ಗುರುತೂ ಮೂಡುತ್ತಿರಲಿಲ್ಲ. ಸಂಜೆ ಅವಳು ಉಂಡೆಯನ್ನು ಬೆಳಕಿಗೆ ಹಿಡಿದು ತಿರುವಿ ನೋಡಿ, ದನಕ್ಕೆ ಹಾಕುತ್ತಿದ್ದಳು. ಒಂದು ದಿನ ನೋಡಿ, "ಇದೇನಿದು, ಇಲಿ ಮುಟ್ಟೈತೇನು?" ಎಂದಳು. ಹೆಬ್ಬೆರಳಿನ ಒಂದು ಸಣ್ಣ ತಗ್ಗು. ಮಾವ ಕನ್ನಡಕ ಹಾಕಿಕೊಂಡು ನೋಡಿದರು.

ನಡೆಯುವುದು ಗೋಡೆ ಹಿಡಿದು ಶುರುವಾಯಿತು. ಪ್ರಭಾಕರ ಹಿಂದೆ ನಿಂತು ಎರಡೂ ರಟ್ಟೆ ಹಿಡಿದು, "ಮುಂದ ನಡೀರಿ, ಮುಂದ ಜಾಗಾ ಐತಿ," ಅನ್ನುತ್ತಿದ್ದರು. ಬಿದ್ದದ್ದೂ ಇದೆ, ಗೋಡೆಗೆ ಹಣೆ ಬಡಿದುಕೊಂಡದ್ದೂ ಇದೆ. ಸೀರೆಯ ನಿರಿಗೆಯನ್ನು ನಾನೇ ಹಿಡಿದ ದಿನ ಮನೆಯಲ್ಲಿ ಹಬ್ಬದಂತೆ ಶಾವಿಗೆ ಪಾಯಸ ಆಯಿತು.

ಮುಂದಿನ ಮಳೆಗಾಲದ ಹೊತ್ತಿಗೆ ನಾನು ಮತ್ತೆ ರೊಟ್ಟಿ ಬಡಿಯುವ ಹಲಗೆಯ ಮುಂದೆ ಕುಳಿತೆ. ಮೊದಲ ರೊಟ್ಟಿಗಳು ದಪ್ಪ, ಅಂಕುಡೊಂಕು. ಮಾಬೂಬಿ ಅವಕ್ಕೆ ಹಾನಗಲ್ ತಾಲೂಕಿನ ನಕಾಶೆ ಎಂದು ಹೆಸರಿಟ್ಟಳು. ಬರಬರುತ್ತ ದುಂಡಗಾದವು, ತೆಳ್ಳಗಾದವು. ಪಾದಗಳ ಕೆಳಗಿನ ಕಂಬಳಿ ಇನ್ನೂ ಪೂರ್ತಿ ಹೋಗಿಲ್ಲ. ಮೆಟ್ಟಿಲು ಇಳಿಯುವಾಗ ನೋಡಿ ಇಳಿಯುತ್ತೇನೆ. ಇದರ ಜೊತೆ ಇರುವುದು ಎಂದು ಒಪ್ಪಿಕೊಂಡಾಗಿದೆ. ಒಂದು ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಬಿಡುಗಡೆ ಮಾಡುವಾಗ ಡಾಕ್ಟರು ಹೇಳಿದ್ದರು, ತೀರಾ ಕೆಲವರಿಗೆ ಇದು ಮತ್ತೆ ಬರುವುದುಂಟು, ಮೊದಲಿನ ಲಕ್ಷಣ ಕಂಡರೆ ತಡ ಮಾಡಬೇಡಿ ಎಂದು.

ಮೊದಲಿನ ಲಕ್ಷಣ ನನ್ನ ಮಟ್ಟಿಗೆ ಯಾವುದು ಎಂದು ನಿಮಗೆ ಗೊತ್ತು.

ಕಳೆದ ತಿಂಗಳು ಒಂದು ಮಧ್ಯಾಹ್ನ, ಮಾಬೂಬಿ ಹಂಚಿನ ಮುಂದೆ, ನಾನು ಹಲಗೆಯ ಮುಂದೆ. ಬಡಿಯುತ್ತಿದ್ದಂತೆ ಅಂಚು ಸೀಳಿತು. ತಿದ್ದಿ ಮತ್ತೆ ಬಡಿದೆ. ಎತ್ತುವಾಗ ನಡುವೆ ಹರಿದು ಅರ್ಧ ಹಲಗೆಯ ಮೇಲೆ ಉಳಿಯಿತು, ಅರ್ಧ ನನ್ನ ಅಂಗೈಯಲ್ಲಿ.

ಹಂಚು ಕಾದು ಕಾಯುತ್ತಿತ್ತು. ಮಾಬೂಬಿ ಅಭ್ಯಾಸದಂತೆ ಕಣ್ಣೆತ್ತದೆ ಕೈ ಚಾಚಿದಳು. ಕೈಗೆ ಏನೂ ಬರದಿದ್ದಾಗ ತಿರುಗಿ ನೋಡಿದಳು. ನನ್ನ ಅಂಗೈಯನ್ನೂ ಹಲಗೆಯನ್ನೂ ನೋಡಿ ಅವಳ ಮುಖದ ಬಣ್ಣ ಹೋಯಿತು.

ಹಿಂದಿನ ಸಲ ನಾನು ಆ ಚೂರುಗಳ ಮೇಲೆ ಬಟ್ಟೆ ಮುಚ್ಚಿದ್ದೆ. ಈ ಸಲ ಚೂರನ್ನು ಕೆಳಗಿಟ್ಟು, ಹಿಟ್ಟಿನ ಕೈಯನ್ನು ಹಾಗೇ ಅವಳ ಕಡೆ ಚಾಚಿದೆ.

"ಹಿಡಿ," ಎಂದೆ. "ನೋಡು."

ಅವಳು ಹಿಡಿಯಲಿಲ್ಲ. "ತಡಿ, ತಡಿ," ಎನ್ನುತ್ತ ನನ್ನನ್ನು ಅತ್ತ ಸರಿಸಿ, ಅದೇ ಹಿಟ್ಟಿಗೆ ಅಂಗೈಯ ಬುಡ ಹಾಕಿ ನಾದಿದಳು. ಅಷ್ಟು ಹೊತ್ತು ನಾದಿದ್ದನ್ನು ನಾನು ಕಂಡಿಲ್ಲ. ಬಳೆಗಳು ಹಲಗೆಗೆ ಬಡಿಯುತ್ತಿದ್ದವು. ಉಂಡೆ ಕಟ್ಟಿದಳು, ಬಡಿದಳು. ನಾನು ಅವಳ ಕೈಗಳನ್ನಲ್ಲದೆ ಬೇರೇನನ್ನೂ ನೋಡಲಿಲ್ಲ. ಅಂಚು ಸೀಳಿತು. ಎತ್ತಿದಳು. ನಡುವೆ ಹರಿದು ಎರಡು ಚೂರಾಗಿ ಹಲಗೆಯ ಮೇಲೆ ಬಿತ್ತು.

ಇನ್ನೊಂದು ಬಡಿದಳು. ಅದೂ ಹರಿಯಿತು.

"ಹಿಟ್ಟ ಕೆಟ್ಟೈತಿ," ಎಂದಳು ಮಾಬೂಬಿ. ಅವಳ ದನಿ ಒಡೆದಿತ್ತು. "ಶಾಂತಕ್ಕ, ಹಿಟ್ಟ ಹಳೇದೈತಿ."

ಜೀವಮಾನದಲ್ಲಿ ಅಷ್ಟು ಚಂದದ ಹರಿದ ರೊಟ್ಟಿಯನ್ನು ನಾನು ನೋಡಿಲ್ಲ. ಅವಳ ಮಣಿಕಟ್ಟನ್ನು ಗಬಕ್ಕನೆ ಹಿಡಿದುಕೊಂಡೆ. ಇಬ್ಬರೂ ನಗುತ್ತಿದ್ದೆವೋ ಅಳುತ್ತಿದ್ದೆವೋ, ಹೊರಗಿನವರಿಗೆ ತಿಳಿಯುವಂತಿರಲಿಲ್ಲ.

"ಏನಾತವ್ವ?" ಪಡಸಾಲೆಯಿಂದ ಮಾವ ಕೇಳಿದರು.

"ರೊಟ್ಟಿ ಹರದಾವ್ರಿ ಮಾವ. ಮಾಬೂಬಿದೂ ಹರದಾವು."

ಆ ಮೇಲೆ ಅವರ ಸಣ್ಣ ದನಿ: "ಹಜಾಕ್."

"ಅದನ್ನ ಗಿರಣಿಯವಗ ಹೇಳ್ರಿ ಅಜ್ಜಾರ, ನಾ ಈಗ ಅಲ್ಲೇ ಹೊಂಟೇನಿ," ಎಂದು ಕೂಗಿದ ಮಾಬೂಬಿ ಏಳಲು ಹೋಗಿ, ಏಳಲಾಗದೆ ಮತ್ತೆ ಕುಳಿತಳು. "ಬಿಡಕ್ಕ ಇನ್ನ. ಬಳಿ ಒಡಿತಾವ."

ನಾನು ಬಿಡಲಿಲ್ಲ.